ಕಪ್ಪೆಕಾಲಿನ ಶೆಡ್ಡು

"ಏಯ್ ಲೌಡಿ, ಸೊಂಟದ್ ಮ್ಯಾಕೆ ಕುಯ್ಯೇ ಅಂದ್ರೆ ತೊಡೆ ಸೀಳ್ತೀಯಲ್ಲೇ! ನಿಮ್ಮಪ್ಪ ಬಂದು ಒಲ್ದು ಕೊಡ್ತಾನೇನೇ ಇದ್ನ?"

ಮೇಸ್ತ್ರಿ ಲಕ್ಕಣ್ಣನ ಒದೆತಕ್ಕೆ ಪಟಾಲಮ್ಮನ ಮುಂದಿದ್ದ ತಟ್ಟೆ ಮಗುಚಿ, ಸುಲಿದಿಟ್ಟಿದ್ದ ಕಪ್ಪೆಕಾಲುಗಳೆಲ್ಲ ಒದ್ದೆ ನೆಲದ ಮೇಲೆ ಚೆಲ್ಲಿಹೋದವು. ಅವಳು ಒಂದೊಂದಾಗಿ ಆಯ್ದು ತಟ್ಟೆಗೆ ಹಾಕಿದಳು. ಪಕ್ಕದ ಗೋಣಿಚೀಲದೊಳಕ್ಕೆ ಕೈ ಇಳಿಸಿ ಇನ್ನೊಂದು ಕಪ್ಪೆ ಹಿಡಿದು, ಮಣೆಗೆ ಒತ್ತಿ, ಕತ್ತಿ ಇಳಿಸಿದಳು. ಕೆಳಗಿನ ಅರ್ಧ ತಟ್ಟೆಗೆ, ಮೇಲಿನ ಅರ್ಧ ಬೆನ್ನ ಹಿಂದಕ್ಕೆ. ಅಲ್ಲಿ ಅಂಥ ಅರ್ಧಗಳ ಗುಡ್ಡೆಯೇ ಇತ್ತು. ಸೊಂಟವಿಲ್ಲದ ಕಪ್ಪೆಗಳು ಮುಂಗಾಲು ಊರಿ ಒಂದರ ಮೇಲೊಂದು ಹತ್ತುತ್ತಿದ್ದವು, ಬಾಯಿ ತೆರೆದು ಮುಚ್ಚುತ್ತಿದ್ದವು. ಸಾಯಲು ಅವಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಟಾಲಮ್ಮ ಆ ಕಡೆ ನೋಡಿ ವಾಂತಿ ಮಾಡಿಕೊಂಡು, ಅದಕ್ಕೂ ಲಕ್ಕಣ್ಣನಿಂದ ಕೆನ್ನೆಗೆ ತಿಂದಿದ್ದಳು. ಈಗ ಅಲ್ಲೇ ಕೂತು ಮುದ್ದೆ ಮುರಿಯುವಷ್ಟು ಪಳಗಿದ್ದಳು.

ಹುಣಸಮಾರನಹಳ್ಳಿ ದಾಟಿ ಬಳ್ಳಾರಿ ರಸ್ತೆಯ ಬದಿಗಿದ್ದ ಆ ಶೆಡ್ಡಿನಲ್ಲಿ ಹಿಂದೆ ರೇಷ್ಮೆಗೂಡು ಒಟ್ಟುತ್ತಿದ್ದರು. ಸುತ್ತಲ ಹೊಲಗದ್ದೆಗಳ ಒಡೆಯ ಮುನಿಕೃಷ್ಣಪ್ಪನಿಗೆ ಎಲ್ಲಿಂದಲೋ ಒಬ್ಬ ಮದರಾಸಿನ ಏಜೆಂಟ್ ಗಂಟುಬಿದ್ದ. ಸಮುದ್ರದ ಸಿಗಡಿ ಕಟ್ಟಿ ಹಡಗಿಗೇರಿಸುವ ಕಂಪನಿಗಳೇ ಈಗ ಕಪ್ಪೆಯ ಕಾಲನ್ನೂ ಕಟ್ಟುತ್ತಿವೆ, ಅಮೆರಿಕ ಫ್ರಾನ್ಸುಗಳ ಹೋಟೆಲಿನವರು ಎಷ್ಟು ಕೊಟ್ಟರೂ ಸಾಲದೆನ್ನುತ್ತಾರೆ, ಸಿಗಡಿಗಾದರೆ ದೋಣಿ ಬೇಕು, ಬಲೆ ಬೇಕು, ಕಪ್ಪೆಗೆ ಬೇಕಾದದ್ದು ಒಂದು ಕೆರೆ, ಒಂದು ಕೇರಿ ಎಂದು ಆತ ಬಿಡಿಸಿ ಹೇಳಿದ. ಕೆರೆ ಊರಿನದು. ಕೇರಿ ತನ್ನದೆಂದು ಮುನಿಕೃಷ್ಣಪ್ಪ ಮೊದಲಿಂದಲೂ ತಿಳಿದಿದ್ದ. ಶೆಡ್ಡಿಗೆ ಐಸು ಮಿಷನ್ನು ಬಂತು, ತಣ್ಣನೆಯ ಕೋಣೆ ಬಂತು. ಕೇರಿಯ ಗಂಡಸರು ಚೀಲ ಹಿಡಿದು ಕೆರೆಗಿಳಿದರು. ಕೇರಿಯ ಹೆಂಗಸರ ಜೊತೆಗೆ ಯಲಹಂಕದ ಬಡ ಸಾಬರ ಮನೆಯ ಹೆಂಗಸರೂ ಬಂದು ಮಣೆಯ ಮುಂದೆ ಕೂತರು.

ಹೀಗೆ ಬಂದವಳೇ ಮಲ್ಕಾ. ಗಂಡ ಸತ್ತವಳು. ಪಟಾಲಮ್ಮನ ಪಕ್ಕದ ಮಣೆ ಅವಳದು. ಮೊದಮೊದಲು ಇಬ್ಬರೂ ತಂತಮ್ಮ ಬುತ್ತಿ ಬಿಚ್ಚಿ ಆ ಕಡೆ ಈ ಕಡೆ ತಿರುಗಿ ಉಣ್ಣುತ್ತಿದ್ದರು. ಆಮೇಲೆ ಮಲ್ಕಾಳ ಹುಣಸೆ ಚಟ್ನಿ ಪಟಾಲಮ್ಮನ ಮುದ್ದೆಯ ಪಕ್ಕಕ್ಕೆ ಬಂತು.

ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಸುತ್ತಲ ಕೆರೆಗಳೆಲ್ಲ ಮೂಕವಾದವು. ಗದ್ದೆಗೆ ಹುಳ ಬಿತ್ತು. ಕೇರಿಯಲ್ಲಿ ಸೊಳ್ಳೆ ಮುತ್ತಿ ಗುಡಿಸಲಿಗೊಬ್ಬರಂತೆ ಚಳಿಜ್ವರ ಹಿಡಿದು ಮಲಗಿದರು. ಪರದೇಶದ ಹಸಿವು ಮಾತ್ರ ಇಳಿಯಲಿಲ್ಲ. ಮಾಲು ಕಡಿಮೆಯಾದಷ್ಟೂ ರೇಟು ಏರುತ್ತದೆ ಎಂದು ಏಜೆಂಟ್ ಹೇಳಿದ. ರೇಟು ಏರಿದಷ್ಟೂ ಮುನಿಕೃಷ್ಣಪ್ಪನ ಕೈ ಏರಿತು.

ಒಂದು ಬೆಳಿಗ್ಗೆ ಪಟಾಲಮ್ಮನ ಗಂಡ ಕಾಡಪ್ಪ ಅರ್ಧ ಚೀಲ ಹೊತ್ತು ಬಂದು ಶೆಡ್ಡಿನ ಅಂಗಳದಲ್ಲಿ ಇಳಿಸಿದ. ಜ್ವರ ಬಿಟ್ಟಿರಲಿಲ್ಲ, ನಿಂತಲ್ಲೇ ನಡುಗುತ್ತಿದ್ದ. ಮುನಿಕೃಷ್ಣಪ್ಪ ಚೀಲವನ್ನು ಕಾಲಲ್ಲಿ ಮಗುಚಿ ನೋಡಿದ.

"ಇದೇನ್ಲಾ ಇದು? ಮರಿ ಇಡ್ಕಂಡ್ ಬಂದಿದ್ದೀಯ?"

"ಕೆರೇಲಿ ಇಲ್ಲ ಬುದ್ಧಿ. ಚಿಕ್ಕಜಾಲದ ಗಂಟ ನಡ್ಕಂಡೋಗಿದ್ದೆ. ಬಲ್ತಿದ್ದು ಒಂದೂ ಇಲ್ಲ."

"ಇಲ್ವೋ, ಇನ್ಯಾವನ್ಗೋ ಮಾರ್ಕಂಡ್ಯೋ, ಬೋಳಿಮಗನೆ?"

"ನಮ್ಮವ್ವನಾಣೆ ಇಲ್ಲ ಬುದ್ಧಿ."

"ಕಪ್ಪೆ ಇಲ್ಲಾಂದ್ರೆ ನೀನೇ ಕಪ್ಪೆ ಕಣ್ಲಾ. ಕುಕ್ಕರ್ಗಾಲಲ್ಲಿ ಕೂತ್ಕಾ. ಕುಪ್ಪಳ್ಸು."

ಕಾಡಪ್ಪ ನಗಲು ನೋಡಿದ. ತಮಾಷೆಯಲ್ಲವೆಂದು ಲಕ್ಕಣ್ಣನ ಒದ್ದೆ ಹಗ್ಗ ಬೆನ್ನಿಗೆ ಬಿದ್ದಾಗ ಗೊತ್ತಾಯಿತು. ಕೂತ. ಕುಪ್ಪಳಿಸಿದ. ವ್ಯಾನಿನ ಡ್ರೈವರು, ಐಸು ಒಡೆಯುವವರು ಬಾಗಿಲಿಗೆ ಬಂದು ನಿಂತರು. ಹಗ್ಗ ಬಿದ್ದಂತೆಲ್ಲ ಕಾಡಪ್ಪ ಅಂಗಳದ ಸುತ್ತ ಕುಪ್ಪಳಿಸಿದ. "ವಟರ್ ವಟರ್ ಅನ್ಲಾ" ಎಂದ ಲಕ್ಕಣ್ಣ. ಅವನು ಅದನ್ನೂ ಅಂದ. ಕೊನೆಗೆ ಮುಖ ಅಡಿಯಾಗಿ ಬಿದ್ದು, ಹಳದಿ ನೀರು ಕಾರಿಕೊಂಡ.

ಒಳಗೆ ಪಟಾಲಮ್ಮನ ಕತ್ತಿ ನಿಂತಿತ್ತು. ಎದ್ದೇಳಲು ಹೋದವಳ ಸೆರಗನ್ನು ಮಲ್ಕಾ ಹಿಡಿದು ಜಗ್ಗಿ ಕೂರಿಸಿದಳು. "ನಕ್ಕೋ ಅಕ್ಕಾ, ಬೇಡ. ಹೋದ್ರೆ ಅವ್ನನ್ನ ಇನ್ನೂ ಹೊಡೀತಾರೆ."

ಕಾಡಪ್ಪ ಆಮೇಲೆ ಏಳಲಿಲ್ಲ. ಸೊಂಟ ಬಿದ್ದು, ಗುಡಿಸಲ ಮೂಲೆ ಹಿಡಿದ. ಹೆಂಡತಿಯ ಮುಖ ನೋಡುವುದನ್ನೂ ಬಿಟ್ಟ.

ಅದೇ ತಿಂಗಳು ಮದರಾಸಿನಿಂದ ತಂತಿ ಬಂತು. ಬಂದರಿನಲ್ಲಿ ಪರೀಕ್ಷೆ ಮಾಡಿದವರು ಮಾಲಿನಲ್ಲಿ ರೋಗದ ಕ್ರಿಮಿ ಇದೆಯೆಂದು ತಡೆದಿದ್ದರು. ಮುನಿಕೃಷ್ಣಪ್ಪನ ಐಸು ಆಗುತ್ತಿದ್ದದ್ದು ದನ ಮೈತೊಳೆಯುವ, ಊರೆಲ್ಲ ಕುಂಡೆ ತೊಳೆಯುವ ಕೆರೆಯ ನೀರಿನಿಂದ. ಅದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದರ ಮಾತೇ ಬರಲಿಲ್ಲ. ಅವನು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕೈ ಚಾಚಿಸಿದ.

"ನೋಡ್ಲಾ ಲಕ್ಕ, ಈ ಒಲ್ಸು ಕೈಗಳ್ನ. ಕೇರಿ ಹೇಲೆಲ್ಲ ಉಗ್ರಲ್ಲೇ ಐತೆ. ಅಮೆರಿಕದೋರು ಇದ್ನ ತಿನ್ಬೇಕಾ?"

ತೊಟ್ಟಿಗೆ ಬ್ಲೀಚಿಂಗ್ ಪೌಡರನ್ನು ಮೊರದಿಂದ ಸುರಿಸಿದ. ನೊರೆ ಎದ್ದ ನೀರಿಗೆ ಒಬ್ಬೊಬ್ಬಳನ್ನೇ ಕರೆದು ಮೊಣಕೈವರೆಗೆ ಮುಳುಗಿಸಿ ನಿಲ್ಲಿಸಿದರು. ತೆಗೆದವಳ ಕುತ್ತಿಗೆ ಹಿಡಿದು ಲಕ್ಕಣ್ಣ ಮತ್ತೆ ಅದುಮಿದ. ಕತ್ತಿ ತಾಗಿದ ಗಾಯಗಳೊಳಕ್ಕೆ ಆ ನೀರು ಇಳಿದಾಗ ಹೆಂಗಸರು ಕಿರುಚಿದ್ದು ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿಗೂ ಕೇಳಿರಬೇಕು. ಸಂಜೆಗೆ ಬೆರಳ ಸಂದಿಗಳು ಸುಲಿದು ಕೆಂಪಾದವು. ಪಟಾಲಮ್ಮನಿಗೆ ಮುದ್ದೆ ಮುರಿಯಲಾಗಲಿಲ್ಲ. ಮುರಿದು ಗಂಡನ ಬಾಯಿಗಿಡುವುದಂತೂ ಆಗಲೇ ಇಲ್ಲ. ಅಂದು ಆ ಗುಡಿಸಲಿನಲ್ಲಿ ಇಬ್ಬರೂ ಉಣ್ಣದೆ ಮಲಗಿದರು.

ಕೆಲವು ವಾರಗಳ ನಂತರ ಏಜೆಂಟ್ ತಾನೇ ಕಾರಿನಲ್ಲಿ ಬಂದ. ಬಿಳಿ ಪ್ಯಾಂಟು, ಮೂಗಿಗೆ ಕರ್ಚೀಫು. ಕಾಲುಗಳನ್ನು ಜೋಡಿ ಜೋಡಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸು ಹಾಸಿದ ಟ್ರೇಗಳಲ್ಲಿ ಜೋಡಿಸಿ ವ್ಯಾನಿಗೆ ಏರಿಸಲು ಸಾಲಾಗಿ ಇಟ್ಟಿದ್ದರು. ಏಜೆಂಟ್ ಬಾಗಿ ಮೂಸಿ ನೋಡಿದ.

"ಅಮೆರಿಕಾ ಮಾರ್ಕೆಟ್ ಡೌನ್ ಸಾರ್. ಬೇರೆ ದೇಶದೋರು ಚೀಪಾಗಿ ಕೊಡ್ತಾರೆ. ಇದು ಫ್ರಾನ್ಸ್ ಪಾರ್ಟಿ. ಇನ್ನೊಂದು ಸಲ ರಿಜೆಕ್ಟ್ ಆದ್ರೆ ನಿಮ್ಮ ಶೆಡ್ ಕ್ಲೋಸ್. ಕ್ಲೀನಾ ಇದೆಯಾ ಸಾರ್, ನಿಜ ಹೇಳಿ."

"ಕ್ಲೀನಾ? ಕಣ್ಮುಂದೇನೇ ತೋರಿಸ್ತೀನಿ ನೋಡ್ರಿ." ಮುನಿಕೃಷ್ಣಪ್ಪ ಸುತ್ತ ನೋಡಿದ. ಹತ್ತಿರಕ್ಕಿದ್ದವಳು ಮಲ್ಕಾ. "ಏಯ್ ಬಾರೇ ಇಲ್ಲಿ." ಟ್ರೇಯಿಂದ ಒಂದು ಜೊತೆ ಹಸಿ ಕಾಲು ಎತ್ತಿ ಪ್ಲಾಸ್ಟಿಕ್ಕು ಹರಿದ. "ತಿನ್ನು."

ಮಲ್ಕಾ ಕೈ ಮುಗಿದಳು. "ನಕ್ಕೋ ಅಣ್ಣಾ, ನಮ್ಮಲ್ಲಿ ಇದು ಹರಾಮ್. ಹೊಟ್ಟೆಪಾಡಿಗೆ ಕುಯ್ತೀನಿ. ತಿನ್ನು ಅಂತ ಮಾತ್ರ ಹೇಳ್ಬೇಡಿ, ನಿಮ್ ಕಾಲಿಗೆ ಬೀಳ್ತೀನಿ."

"ಕುಯ್ಯಾಕೆ ಅರಾಮಲ್ಲ, ತಿನ್ನಾಕೆ ಅರಾಮೇನೇ?"

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಲಕ್ಕಣ್ಣ ಅವಳ ಜಡೆ ಹಿಡಿದು ತಲೆಯನ್ನು ಹಿಂದಕ್ಕೆ ಬಗ್ಗಿಸಿದ. ಕಚ್ಚಿಕೊಂಡ ಹಲ್ಲುಗಳ ನಡುವೆ ಕತ್ತಿಯ ಹಿಡಿ ತೂರಿಸಿ ಮೀಟಿದ. ಲಟಕ್ಕೆಂದು ಸದ್ದಾಯಿತು. ತೆರೆದ ಬಾಯಿಗೆ ಮುನಿಕೃಷ್ಣಪ್ಪ ತಣ್ಣನೆಯ ಹಸಿ ಮಾಂಸ ತುರುಕಿ, ಅಂಗೈಯಿಂದ ಮುಚ್ಚಿ ಹಿಡಿದ. ಮಲ್ಕಾಳ ಕಾಲುಗಳು ನೆಲವನ್ನು ಒದ್ದವು. ಗಂಟಲು ಒಮ್ಮೆ ಇಳಿದು ಏರಿತು.

ಏಜೆಂಟ್ ಸಿಗರೇಟು ಹಚ್ಚಿ ಮಾಡಿನ ಕಡೆ ನೋಡಿದ. "ಪೋದುಂ ಸಾರ್, ಸಾಕು, ನಂಬ್ತೀನಿ. ಲೋಡ್ ಮಾಡ್ಸಿ."

ಬಿಟ್ಟ ಕೂಡಲೇ ಮಲ್ಕಾ ಮಂಡಿಯೂರಿ ಗಂಟಲಿಗೆ ಬೆರಳು ಹಾಕಿದಳು. ಮುರಿದ ಹಲ್ಲು ಮೊದಲು ಬಂತು.

ಪಟಾಲಮ್ಮ ಎದ್ದಳು. ಸೀದಾ ಸಾಲಿನ ಮೊದಲ ಟ್ರೇಯ ಹತ್ತಿರ ಹೋಗಿ, ಕ್ಯಾಕರಿಸಿ, ಗಂಟಲಾಳದಿಂದ ಎಳೆದು ಉಗಿದಳು. ಎರಡನೆಯದಕ್ಕೂ ಉಗಿದಳು.

"ಏಯ್! ಏಯ್ ಇಡ್ಕಳ್ಳಲಾ ಅವ್ಳ್ನ!" ಮುನಿಕೃಷ್ಣಪ್ಪ ಅರಚಿದ.

ಲಕ್ಕಣ್ಣನ ಕೈಗೆ ಐಸು ಒಡೆಯುವ ಕಬ್ಬಿಣದ ಸಲಾಕೆ ಸಿಕ್ಕಿತು. ಮೊದಲ ಏಟು ಹೆಗಲಿಗೆ, ಎರಡನೆಯದು ದವಡೆಗೆ ಬಿತ್ತು. ಪಟಾಲಮ್ಮ ಟ್ರೇಯ ಅಂಚು ಹಿಡಿದು ಜೋತುಬಿದ್ದಳು. ಬಾಯಿ ತುಂಬ ರಕ್ತ. ಅದನ್ನೇ ಉಗಿದಳು. ಬಿಳಿ ಐಸಿನ ಮೇಲೆ ಅದು ಹೂವಿನಂತೇನೂ ಕಾಣಲಿಲ್ಲ, ರಕ್ತದಂತೆಯೇ ಕಂಡಿತು. ತೆವಳಿಕೊಂಡು ಮುಂದಿನ ಟ್ರೇಗೆ ಹೋದಳು.

"ನಮ್ ಕೈ ಒಲ್ಸು ಅಂತ ಸುಟ್ರಲ್ಲಾ ಬುದ್ಧಿ," ಮುರಿದ ದವಡೆಯಲ್ಲಿ ಮಾತು ತೊದಲಿತು, "ಇದು ನಮ್ ಬಾಯಿ. ಕಳ್ಸಿ ಪರದೇಶಕ್ಕೆ."

ಹಿಂದಿನಿಂದ ಇನ್ನೊಂದು "ಥೂ" ಕೇಳಿತು. ಮಲ್ಕಾ. ಆಮೇಲೆ ಮಣೆ ಬಿಟ್ಟು ಒಬ್ಬೊಬ್ಬರೇ ಎದ್ದು ಬಂದರು. ಎಲೆಯಡಿಕೆ ಹಾಕಿದ್ದವರು ಕೆಂಪಗೆ ಉಗಿದರು, ಜ್ವರದವರು ಹಳದಿಯಾಗಿ ಉಗಿದರು. ಮುನಿಕೃಷ್ಣಪ್ಪ ಸಿಕ್ಕಿದವಳಿಗೆ ಒದೆಯುತ್ತ, ಸಿಕ್ಕಿದವಳ ತಾಯಿಯನ್ನು ಬೈಯುತ್ತ ಸಾಲಿನ ಉದ್ದಕ್ಕೂ ಓಡಾಡಿದ. ಕೆಳಗೆ ಬಿದ್ದವರು ಬಿದ್ದಲ್ಲಿಂದಲೇ ಉಗಿದರು.

ಏಜೆಂಟ್ ಮಾತ್ರ ಗಾಬರಿಯಾಗಲಿಲ್ಲ. ಸಿಗರೇಟಿನ ಬೂದಿ ಕೊಡವಿದ. "ಗಲಾಟೆ ವೇಂಡಾಂ ಸಾರ್. ತೊಳೆದ್ರೆ ಹೋಗುತ್ತೆ. ಕ್ಲೋರಿನ್ ಹಾಕಿ ತೊಳೆದು ಪ್ಯಾಕ್ ಮಾಡ್ಸಿ. ಫ್ರಾನ್ಸಲ್ಲಿ ಯಾರಿಗೆ ಗೊತ್ತಾಗುತ್ತೆ?"

ಮುನಿಕೃಷ್ಣಪ್ಪ ಉಸಿರು ಬಿಟ್ಟ. "ಲಕ್ಕಾ, ನಲ್ಲಿ ಬಿಡ್ಲಾ."

ನಲ್ಲಿಯ ಮುಂದೆ ಪಟಾಲಮ್ಮ ನಿಂತಿದ್ದಳು. ಅವಳು ಅಲ್ಲಿಗೆ ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ದವಡೆ ಒಂದು ಕಡೆಗೆ ಜೋತುಬಿದ್ದಿತ್ತು. ಸುಲಿದ ಕೈಯಲ್ಲಿ ಮಣೆಯ ಕತ್ತಿ ಇತ್ತು. ಮಲ್ಕಾ ಬಂದು ಅವಳ ಎಡಕ್ಕೆ ನಿಂತಳು. ಅವಳ ಕೈಯಲ್ಲೂ ಕತ್ತಿ. ಅವರ ಹಿಂದೆ ಉಳಿದವರು ಬಂದು ನಲ್ಲಿಯೇ ಕಾಣದಂತೆ ಒತ್ತಿ ನಿಂತರು.

"ಬಾರಲಾ," ಎಂದಳು ಪಟಾಲಮ್ಮ. "ಬಂದು ತೊಳಿ."

ಲಕ್ಕಣ್ಣ ಸಲಾಕೆ ಎತ್ತಿದ. ಎತ್ತಿದ್ದು ಮೇಲೆಯೇ ಉಳಿಯಿತು. ಹೊರಗೆ ಗುರುಗುಟ್ಟುತ್ತಿದ್ದ ವ್ಯಾನಿನ ಇಂಜಿನ್ನನ್ನು ಡ್ರೈವರು ಆರಿಸಿದ. ಟ್ರೇಗಳಿಂದ ಐಸು ಕರಗಿ, ಕೆಂಪು ನೀರು ಸಾಲು ಕಟ್ಟಿಕೊಂಡು ಇಳಿಜಾರಿನ ನೆಲದ ಮೇಲೆ ಹರಿದು ಮುನಿಕೃಷ್ಣಪ್ಪನ ಚಪ್ಪಲಿ ಮುಟ್ಟಿತು. ಅವನು ಹಿಂದಕ್ಕೆ ಸರಿದ. ನೀರೂ ಅವನತ್ತಲೇ ಸರಿಯಿತು.