ಕೆಂಪು ಕಾರಿನ ಬಲಗಡೆಯ ಸೀಟು

ನಮ್ಮ ಯಜಮಾನರು ಜಯದೇವಪ್ಪನವರು ಎಪ್ಪತ್ತಮೂರರಲ್ಲಿ ಇಟಲಿಯ ಕಾರು ತಂದಾಗ ಅಜ್ಜಂಪುರದ ಅರ್ಧ ಊರು ನಮ್ಮ ಕೊಬ್ಬರಿ ಮಂಡಿಯ ಮುಂದೆ ನಿಂತಿತ್ತು. ಕೆಂಪು ಆಲ್ಫಾ ರೋಮಿಯೋ. ಲಕ್ಕವಳ್ಳಿಯಲ್ಲಿ ಡ್ಯಾಮ್ ಕಟ್ಟುವಾಗ ಯಂತ್ರ ಜೋಡಿಸಲು ಬಂದಿದ್ದ ಬಿಳಿ ದೊರೆಯೊಬ್ಬ ಹಡಗಿನಲ್ಲಿ ತರಿಸಿದ್ದಂತೆ. ಊರಿಗೆ ವಾಪಸು ಹೋಗುವಾಗ ತರೀಕೆರೆಯ ಪ್ಲಾಂಟರ್ ಲಕ್ಷ್ಮೀಪತಿಯವರಿಗೆ ಮಾರಿದ. ಅವರು ಅದನ್ನು ಒಮ್ಮೆ ಚಾನಲ್ಲಿಗೆ ಇಳಿಸಿ, ಜೀವ ಉಳಿದರೆ ಸಾಕೆಂದು ಇವರಿಗೆ ದಾಟಿಸಿದರು. ಸ್ಟೀರಿಂಗ್ ಎಡಕ್ಕೆ, ಇರುವುದು ಎರಡೇ ಸೀಟು. ಒಂದು ಇವರದು, ಇನ್ನೊಂದು ನನ್ನದು ಎಂದುಕೊಂಡೆ. ಮದುವೆಯಾದಾಗಿನಿಂದ ಅಡಿಗೆಮನೆ ಬಿಟ್ಟು ಅಲುಗದವಳಿಗೆ ಆಸೆ ಹುಟ್ಟದಿರುತ್ತದೆಯೇ?

ನಾನು ಕೂರುವ ಮೊದಲೇ ಮಠದ ಸ್ವಾಮಿಗಳು ಪಾದಪೂಜೆಗೆ ಬಂದರು. ಊರ ಬಾಗಿಲಿನಿಂದ ಮನೆಯವರೆಗೆ ಇವರು ಅವರನ್ನು ಆ ಕಾರಿನಲ್ಲೇ ಕರೆತಂದರು. ಅವರು ಇಳಿದದ್ದೇ ತಡ, ಅತ್ತೆ ಗುರುಶಾಂತಮ್ಮ ಆ ಸೀಟಿಗೆ ವಿಭೂತಿ ಹಚ್ಚಿ ಬಿಲ್ವಪತ್ರೆ ಇಟ್ಟರು.

"ಗುರುಗಳು ಕೂತ ಜಾಗ ಗದ್ದುಗೆ ಕಣೇ ಸಾವಿತ್ರಿ. ಸಂಸಾರಸ್ಥರು ಕೂತ್ರೆ ಮನೆಗೆ ಒಳ್ಳೇದಾಗಲ್ಲ."

ಅಲ್ಲಿಂದ ಇವರೊಬ್ಬರೇ. ಸಂಜೆಯಾದರೆ ಮಂಡಿಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ತರೀಕೆರೆಗೆ, ಅಲ್ಲಿಂದ ಕಡೂರಿಗೆ, ಸುಮ್ಮನೆ ಸುತ್ತಿ ಬರುತ್ತಿದ್ದರು. ಕಾರು ಹೊರಟ ಸದ್ದು ಕೇಳಿದರೆ ರೊಟ್ಟಿ ತಟ್ಟುತ್ತಿದ್ದ ಕೈ ನಿಂತುಹೋಗುತ್ತಿತ್ತು. ಬಾಗಿಲಿಗೆ ಬರುವುದು, ಒಳಗೆ ಹೋಗುವುದು, ಮತ್ತೆ ಬಾಗಿಲಿಗೆ. ತವರು ಸಿಂಗಟಗೆರೆಗೆ ಮಾತ್ರ ನಾನು ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕು.

ಎಂಬತ್ತೊಂದರಲ್ಲಿ ಅತ್ತೆ ತೀರಿಕೊಂಡರು. ಸೀಟಿನ ಮೇಲೆ ದಿನದ ಬಿಲ್ವಪತ್ರೆ ತಪ್ಪಲಿಲ್ಲ; ಈಗ ಇವರೇ ಇಡತೊಡಗಿದರು. ಲಿಂಗಪೂಜೆಗೆ ಕೂರಲು ಮೈಗಳ್ಳತನ ಮಾಡುವ ಮನುಷ್ಯ! ತಡೆಯಲಾರದೆ ಮಠಕ್ಕೆ ಹೋಗಿ ಕೇಳಿಯೇಬಿಟ್ಟೆ.

"ಬುದ್ಧಿ, ಆ ಸೀಟಲ್ಲಿ ನಾನು ಕೂರ್ಬೋದಾ?"

ಸ್ವಾಮಿಗಳು ನಕ್ಕರು. "ನಾವು ಬಂದು ಹೋದ ವಾರವೇ ನಿಮ್ಮ ಯಜಮಾನ್ರು ಕೇಳಿದ್ರಲ್ಲ ತಾಯಿ. ಕಾರಿನ ಸೀಟಿಗೆ ಎಲ್ಲಿಯ ಗದ್ದುಗೆ, ಮನೆಯವರನ್ನ ಕೂರಿಸ್ಕೊಂಡು ಓಡಾಡಪ್ಪಾ ಅಂದಿದ್ವಿ."

ದೇವರು ವರ ಕೊಟ್ಟರೂ ಪೂಜಾರಿ ಕೊಟ್ಟಿರಲಿಲ್ಲ. ಮನೆಗೆ ಬಂದಾಗ ಇವರು ಕಾರಿನಲ್ಲಿ ಕೂತು ಹೊರಡುವುದರಲ್ಲಿದ್ದರು. ಬಲಗಡೆಯ ಬಾಗಿಲು ತೆಗೆದೆ. ಪತ್ರೆಯನ್ನೆಲ್ಲ ಎತ್ತಿ ಇವರ ಮಡಿಲಿಗೆ ಹಾಕಿ ಕೂತೆ.

"ಸ್ವಾಮಿಗಳು ಎಲ್ಲಾ ಹೇಳಿದ್ರು. ನಡೀರಿ."

ಇವರು ಕಾರು ಹೊರಡಿಸಿದರು. ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಹೋಗಿ ಕಾರು ನಿಲ್ಲಿಸಿದರು. ನನ್ನ ಮುಖ ನೋಡದೆ ನೀರನ್ನೇ ನೋಡುತ್ತಾ ಮಾತಾಡಿದರು.

"ಬೇರೆ ಹೆಂಗಸು ಯಾರೂ ಇಲ್ಲ ಕಣೇ, ನಿನ್ನಾಣೆ. ಒಬ್ನೇ ಎಲ್ಲಾದ್ರೂ ಹೋಗ್ಬೇಕು ಅನ್ಸೋದು, ಅಷ್ಟೇ. ಮನೇಲಿ ಕೂರಕ್ಕೇ ಆಗಲ್ಲ ನಂಗೆ."

"ನಂಗೆ ಆಗ್ತಿತ್ತು ಅಂದ್ಕೊಂಡ್ರಾ?" ಎಂದೆ.