ದಸರೆಗೆಂದು ಅಡಗಿಸಿಟ್ಟ ಪಟ

ತೆಲಂಗಾಣ ರಾಜ್ಯವಾದ ದಿನ ನಾರಾಯಣಪೇಟೆಯಲ್ಲಿ ಬೆಳಗಿನಿಂದ ಪಟಾಕಿಯೋ ಪಟಾಕಿ. ಸಿದ್ದರಾಮೇಶ ಸಾವುಕಾರರ ಸೀರೆ ಅಂಗಡಿಯ ಒಳಕೋಣೆಯಲ್ಲಿ ಕೂತ ಶೈಲಜಾಳ ಕಿವಿಗೆ ಮಾತ್ರ ಒಂದೂ ಬೀಳುತ್ತಿರಲಿಲ್ಲ. ಅವಳೇ ಕಟ್ಟಿದ ಅಂಗಡಿಯ ವೆಬ್‌ಸೈಟು ಇವತ್ತೇ ಕೈಕೊಟ್ಟಿತ್ತು. ಇನ್ನೇನು ಮಕ್ತಲ್, ಗದ್ವಾಲದ ಬಸ್ಸುಗಳಿಂದ ನೇಕಾರರು ಇಳಿಯುವ ಹೊತ್ತು. ಹೊರಗೆ ಗೋಡೆಗೆ ಬಿಳಿ ಪರದೆ ಕಟ್ಟಿ, ಎದುರಿಗೆ ಪ್ರೊಜೆಕ್ಟರ್ ಇಟ್ಟು, ಅವರೆಲ್ಲರಿಗೂ ಸೈಟು ತೋರಿಸುತ್ತೇನೆಂದು ಸಾವುಕಾರರು ಊರೆಲ್ಲ ಡಂಗುರ ಹೊಡೆದಿದ್ದರು.

ಅವಳ ತಾಯಿ ಗುರಮ್ಮನೂ ಬರುವವಳು. ಸೈಟಿನ ತುಂಬ ಇರುವುದು ಗುರಮ್ಮ ನೇಯ್ದ ಸೀರೆಗಳೇ: ಚೌಕಳಿ ಮೈ, ಅಂಚಿಗೆ ಗೋಪುರದ ದಡಿ. ಆ ದಡಿ ಗುರಮ್ಮನಿಗೆ ಅತ್ತೆಯಿಂದ ಬಂದದ್ದು. ನೂಲು ಸಾವುಕಾರರದು, ಕೈ ಗುರಮ್ಮನದು. ಮನೆಯ ಮಗ್ಗ ನಡೆಯುವುದೇ ಆ ದಡಿಯಿಂದ.

ಸೈಟು ತೆರೆದರೆ ಪಟಗಳು ಸೆರಗು ಬಿಚ್ಚಿದ ಹಾಗೆ ಒಂದಾದ ಮೇಲೊಂದು ಬಿಚ್ಚಿಕೊಳ್ಳಬೇಕು. ಆ ಆಟ ಆಡಿಸುವುದು ಒಂದು ಪ್ಲಗಿನ್, ಸೈಟಿಗೆ ಹೊರಗಿಂದ ತಂದು ಜೋಡಿಸಿದ ಕೋಡಿನ ತುಣುಕು. ಅದು ಜೆಕ್ವೆರಿ ಎಂಬ ಲೈಬ್ರರಿಯ ಬೆನ್ನೇರಿ ಕೆಲಸ ಮಾಡುತ್ತದೆ. ಇವತ್ತು ನೋಡಿದರೆ ಆಟವೂ ಇಲ್ಲ ಪಾಟವೂ ಇಲ್ಲ, ಪಟಗಳೆಲ್ಲ ಒಂದರ ಕೆಳಗೊಂದು ಸುಮ್ಮನೆ ಬಿದ್ದಿದ್ದವು. ನೀನು ಹೇಳುವ ಪ್ಲಗಿನ್ ಯಾರೋ ನನಗೆ ಗೊತ್ತೇ ಇಲ್ಲ ಎಂಬರ್ಥದ ಒಂದು ಕೆಂಪು ಸಾಲನ್ನು ಬ್ರೌಸರು ತೋರಿಸುತ್ತಿತ್ತು.

ಗೊತ್ತಿಲ್ಲವಂತೆ. ನಿನ್ನೆಯವರೆಗೆ ಜೊತೆಗೇ ಬಾಳಿದವರು ಇವತ್ತು ಮುಖ ತಿರುಗಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ಅವಳು ಫೈಲು ಇದೆಯೋ ಎಂದು ನೋಡಿದಳು, ಇತ್ತು. ಹೆಸರು ತಪ್ಪಿದೆಯೋ ಎಂದು ನೋಡಿದಳು, ಅದೂ ಸರಿ. ಕೊನೆಗೆ ಲೈಬ್ರರಿಯ ಆವೃತ್ತಿ ಯಾವುದೆಂದು ಕೇಳಿದಾಗ ಹೊಸ ಆವೃತ್ತಿಯ ಸಂಖ್ಯೆ ಬಂತು. ಅವಳು ಹಣೆ ಚಚ್ಚಿಕೊಂಡಳು.

ಹಿಂದಿನ ದಿನ ಸಾವುಕಾರರ ಮಗ ಬಸವಪ್ರಸಾದ, ಸೀರೆಯ ಮೇಲೆ ಬೆರಳಿಟ್ಟರೆ ಅದು ದೊಡ್ಡದಾಗಿ ಕಾಣಬೇಕು ಎಂದು ಹಟ ಹಿಡಿದಿದ್ದ. ಅದಕ್ಕೆ ಹೊಸ ಜೆಕ್ವೆರಿ ಬೇಕಿತ್ತು. ಶೈಲಜಾ ಹಳೆಯ ಜೆಕ್ವೆರಿಯನ್ನು ಕರೆಯುವ ಸಾಲು ತೆಗೆಯದೆ, ಎಲ್ಲದರ ಕೆಳಗೆ ಹೊಸದನ್ನು ಸೇರಿಸಿದ್ದಳು. ಮಗ್ಗದ ಮನೆಯ ಹುಡುಗಿ, ಇನ್ನೇನು ಮಾಡಿಯಾಳು? ಅವರ ಮನೆಯಲ್ಲಿ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ಮುಗಿದರೆ ಹಳೆಯ ಎಳೆಗಳನ್ನು ಕಿತ್ತೆಸೆಯುವುದಿಲ್ಲ. ಅವುಗಳ ತುದಿಗೇ ಹೊಸ ಹಾಸಿನ ಒಂದೊಂದು ಎಳೆಯನ್ನೂ ಬೂದಿ ಹಚ್ಚಿ ಹೊಸೆದು ಜೋಡಿಸುತ್ತಾರೆ. ಮಗ್ಗದ ಮೇಲಿನ ಹಾಸಿನ ಎಳೆಗಳಿಗೆ ಕತ್ತರಿ ಹಾಕುವುದೆಂದರೆ ಆ ಮನೆಯ ನೇಯ್ಗೆ ನಿಂತಿತು ಎಂದೇ ಅರ್ಥ. ಆ ಮಾತನ್ನು ಯಾರೂ ಬಾಯಲ್ಲಿ ತರುವುದಿಲ್ಲ. ಆದರೆ ಜೆಕ್ವೆರಿಗೆ ಮಗ್ಗದ ರೀತಿ ಏನು ಗೊತ್ತು? ಹಳೆಯದು ಪ್ಲಗಿನ್ನನ್ನು ಹತ್ತಿಸಿಕೊಂಡ ಮೇಲೆ ಹೊಸದು ಬಂದು ಅದರ ಜಾಗದಲ್ಲಿ ತಾನೇ ಕೂತಿತ್ತು.

ಅವಳು ಹಳೆಯದನ್ನು ತೆಗೆದು, ಹೊಸದನ್ನು ಮೇಲಕ್ಕೆ ತಂದು ನೋಡಿದಳು. ಬೇರೊಂದು ಕೆಂಪು ಸಾಲು ಬಂತು. ಪ್ಲಗಿನ್ ಕೇಳುವ ಸೌಕರ್ಯವೊಂದನ್ನು ಹೊಸ ಲೈಬ್ರರಿಯವರು ಕೈಬಿಟ್ಟಿದ್ದರು. ಹಾಗಾದರೆ ಹೊಸದನ್ನೇ ತೆಗೆದು ಹಾಕುವುದು, ದೊಡ್ಡದಾಗಿ ಕಾಣದಿದ್ದರೆ ಕತ್ತೆ ಬಾಲ ಹೋಯಿತು. ಎರಡೂ ಸಾಲುಗಳನ್ನು ಮೊದಲಿದ್ದಂತೆ ಇಟ್ಟು, ಅಳಿಸಬೇಕಾದ ಸಾಲು ನೋಡುವ ಮುನ್ನ ಪುಟವನ್ನು ಕೆಳಗಿನವರೆಗೂ ಒಮ್ಮೆ ಸರಿಸಿದಳು.

ಕಡೆಯಲ್ಲಿ ಅವಳು ಎಂದೂ ನೋಡದ ಪಟವೊಂದಿತ್ತು.

ಪಟದ ಪಕ್ಕ ದಿನಾಂಕ ಬರೆದರೆ ಆ ದಿನ ಬರುವವರೆಗೆ ಪ್ಲಗಿನ್ ಅದನ್ನು ಅಡಗಿಸಿಡುತ್ತದೆ. ಹಬ್ಬದ ಪಟಗಳನ್ನು ಮೊದಲೇ ಏರಿಸಿಡಲೆಂದು ಬಸವಪ್ರಸಾದನಿಗೆ ಅದನ್ನು ಕಲಿಸಿದವಳು ಇವಳೇ. ಪ್ಲಗಿನ್ ಸತ್ತ ಮೇಲೆ ಅಡಗಿಸುವವರು ಯಾರು? ಪಟದಲ್ಲಿ ಗುರಮ್ಮ ಮಗ್ಗದ ಮುಂದೆ ಕೂತು ನಗುತ್ತಿದ್ದಳು. ಕೆಳಗೆ ತೆಲುಗಿನಲ್ಲಿ ದಪ್ಪ ಅಕ್ಷರ: ಗುರಮ್ಮನ ಗೋಪುರ ದಡಿ, ದಸರೆಯಿಂದ ಯಂತ್ರದ ಮಗ್ಗದಲ್ಲಿ, ಅರ್ಧ ಬೆಲೆಗೆ.

ಶೈಲಜಾ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಅವ್ವನ ಮಗ್ಗ ನಿಲ್ಲುವ ಸುದ್ದಿ, ಅವ್ವನದೇ ನಗುಮುಖದ ಕೆಳಗೆ. ಆ ಫೋಟೋ ತೆಗೆದವಳೂ ತಾನೇ.

"ಸರಿ ಆತೇನವ್ವಾ?" ಎನ್ನುತ್ತ ಸಾವುಕಾರರು ಒಳಗೆ ಬಂದರು.

ಅವಳು ಪಟದ ಕಡೆ ಬೆರಳು ಮಾಡಿದಳು. "ಏನ್ರಿ ಇದು?"

ಅವರ ಮುಖ ಒಂದು ಗಳಿಗೆ ಸಪ್ಪಗಾಯಿತು, ಅಷ್ಟೇ. "ದಸರಾಕ ಹೇಳಬೇಕಂತ ಇತ್ತು. ಮುಚ್ಚಿಬಿಡು ಬೇಟಾ. ಖುಷಿ ದಿನ ಮಂದಿ ಮನಸ್ಯಾಕ ಕೆಡಿಸೋದು?"

"ಅವ್ವಗ ಗೊತ್ತೇನ್ರಿ?"

"ಹೇಳೂನಂತ. ನಿನ್ನ ನೌಕರಿಗೇನ್ ಫರಕ್ ಆಗಂಗಿಲ್ಲ ಬಿಡು." ಹೊರಗೆ ಜನದ ಸದ್ದಾಯಿತು. ಅವರು ನಗುಮುಖ ಹಾಕಿಕೊಂಡು ಹೋದರು.

ಅವಳು ಹೊಸ ಜೆಕ್ವೆರಿಯ ಸಾಲನ್ನು ಅಳಿಸಿದಳು. ಪಟಗಳು ನೀಟಾಗಿ ಬಿಚ್ಚಿಕೊಂಡವು, ಆ ಒಂದು ಪಟ ಮಾಯವಾಯಿತು. ಲ್ಯಾಪ್‌ಟಾಪು ಹಿಡಿದು ಹೊರಗೆ ಬಂದಳು. ಗುರಮ್ಮ ತಾನೇ ನೇಯ್ದ ಸೀರೆ ಉಟ್ಟು ಮುಂದೆಯೇ ಕೂತಿದ್ದಳು. "ನಮ್ಮ ದಡಿ ಈಗ ಜಗತ್ತೆಲ್ಲಾ ನೋಡ್ತಾರಂತ" ಎಂದು ಪಕ್ಕದ ತುಳಸಮ್ಮನಿಗೆ ಹೇಳುತ್ತಿದ್ದಳು. ಶೈಲಜಾ ಲ್ಯಾಪ್‌ಟಾಪು ಮತ್ತೆ ತೆರೆದಳು. ಅಳಿಸಿದ ಸಾಲನ್ನು ಮತ್ತೆ ಅದೇ ಜಾಗದಲ್ಲಿ ಬರೆದು ಪರದೆಗೆ ಬಿಟ್ಟಳು.

ಪಟಗಳೆಲ್ಲ ಒಂದರ ಕೆಳಗೊಂದು ನಿಂತವು. ಅವಳು ನಿಧಾನವಾಗಿ ಕೆಳಗಿನವರೆಗೂ ಸರಿಸಿದಳು. ಮಕ್ತಲ್‌ನ ಹಿರಿಯ ನೇಕಾರ ಕಿಷ್ಟಪ್ಪ ಕಣ್ಣು ಕಿರಿದು ಮಾಡಿ ತೆಲುಗು ಅಕ್ಷರಗಳನ್ನು ಗಟ್ಟಿಯಾಗಿ ಓದಿದ.

"ಆ ಕಂಪ್ಯೂಟರ್ ಕೆಟ್ಟೈತಿ. ಸರಿ ಮಾಡು ಶೈಲಜಾ" ಎಂದರು ಸಾವುಕಾರರು.

"ಸರಿ ಐತ್ರೀ. ಎಲ್ಲಾ ಕಾಣಾಕತ್ತೈತಿ" ಎಂದಳು ಅವಳು.

ಓದು ಬಾರದ ಗುರಮ್ಮ ಪರದೆಯನ್ನೇ ನೋಡುತ್ತಿದ್ದಳು. ಎದ್ದು ಹತ್ತಿರ ಹೋಗಿ, ಅಲ್ಲಿ ನಗುತ್ತಿದ್ದ ತನ್ನನ್ನು ತಾನೇ ಅಪರಿಚಿತಳಂತೆ ನೋಡಿದಳು. ಆಮೇಲೆ ತಿರುಗಿದಳು. ದನಿ ಏರಿಸಲಿಲ್ಲ.

"ಸಾವುಕಾರ್ರೀ, ಮನ್ಯಾಗ ಮಗ್ಗದ ಮ್ಯಾಲ ನಿಮ್ಮ ಹಾಸೈತಿ, ಅರ್ಧ ನೇಯ್ದೀನಿ. ಈಗ ಹೋಗಿ ಕತ್ತರಿಸಿ ಕೊಡ್ಲೇನ್ರಿ?"

ಆ ಮಾತು ಕೇಳಿ ತುಳಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಿಷ್ಟಪ್ಪ ಕೂತಲ್ಲಿಂದ ಎದ್ದು ನಿಂತ, ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಎಲ್ಲರೂ ಸಾವುಕಾರರ ಉತ್ತರಕ್ಕೆ ಕಾಯುತ್ತಿದ್ದರು.