ಅರಿಶಿನ ನೀರಲ್ಲಿ ತೊಳೆದ ಮೊಟ್ಟೆ

ಬೆಚ್ಚಗಿದೆ, ಈಗಷ್ಟೇ ಇಟ್ಟದ್ದು, ಇಷ್ಟು ಬೆಚ್ಚಗಿರುವುದನ್ನು ಎಲ್ಲಿ ಇಡಬೇಕೆಂದು ತೋಚದೆ ಗಿರಿಜಾದೇವಿ ತಾರಸಿಯ ಮೇಲೆ ನಿಂತಿದ್ದಾಳೆ, ಕೋಳಿಗೇನು ಗೊತ್ತು, ತಿನ್ನುವವಳನ್ನು ಮಣ್ಣು ಮಾಡಿ ಬಂದಾಯಿತೆಂದು ಅದಕ್ಕೆ ಯಾರು ಹೇಳಬೇಕು, ಇಟ್ಟದ್ದೂ ಅಲ್ಲದೆ ಕತ್ರಿಗುಪ್ಪೆಗೆಲ್ಲ ಡಂಗುರ ಬೇರೆ — ಥೂ, ಬಾಯಿ ಮುಚ್ಚೇ — ಕೈ ಆಗಲೇ ನಲ್ಲಿ ತಿರುಗಿಸಿದೆ, ಬೋಗುಣಿಗೆ ನೀರು, ನೀರಿಗೆ ಚಿಟಿಕೆ ಅರಿಶಿನ, ಹಾಳು ಕೈ, ಇದಕ್ಕೆ ಬುದ್ಧಿ ಯಾವಾಗ ಬರುವುದು. ತೊಳೀಬೇಡಿ ಅಕ್ಕ, ಹಿಕ್ಕೆ ಅಂಟಿದ್ರೆ ಒಣಬಟ್ಟೇಲಿ ಒರೆಸಿ, ತಣ್ಣಗಿರೋ ಕಡೆ ಇಡಿ, ನೀರು ಬಿದ್ರೆ ಬೇಗ ಕೆಡ್ತವೆ, ಕೋಳಿ ಕೊಟ್ಟ ದಿನವೇ ಹೇಳಿದ್ದಳು ಮನೆ ಒಡತಿ ಮುನಿಲಕ್ಷ್ಮಮ್ಮ, ಹೂಂ ಹೂಂ ಎಂದು ತಲೆಯಾಡಿಸಿ ಬಂದಿದ್ದಳು ಇವಳು, ಮನಸ್ಸಿನೊಳಗೆ ಮಾತ್ರ ಇಶ್ಶಿ, ಎಲ್ಲಿಂದ ಬಿದ್ದದ್ದೆಂದು ಗೊತ್ತಿದ್ದೂ ತೊಳೆಯದೆ ಮಗಳ ಬಾಯಿಗಿಡುವುದೇ, ಲಿಂಗ ಕಟ್ಟಿದ ಕೊರಳದು, ಮಡಿಯಾಗಿಯಾದರೂ ಹೋಗಲಿ.

ಕಿಮೋ ಶುರುವಾದ ಮೇಲೆ ಮಗಳು ಮೇಘಶ್ರೀ ನೈಟಿಯೊಳಗೆ ಇದ್ದಾಳೋ ಇಲ್ಲವೋ ಎನ್ನುವಷ್ಟು ಸೊರಗಿದ್ದಳು, ಮೊಟ್ಟೆ ಕೊಡಿ ಅಮ್ಮಾ, ಮೈಗೆ ಶಕ್ತಿ ಬರ್ಲಿ ಎಂದರು ಡಾಕ್ಟರು, ಹಾವೇರಿ ಬಿಟ್ಟು ಬಂದು ಇಷ್ಟು ವರ್ಷವಾದರೂ ಮಾತು ಬದಲಾಗದ ಗಂಡ ಗುರುಬಸಪ್ಪನವರು ಕೊರಳ ಲಿಂಗವನ್ನೊಮ್ಮೆ ಮುಟ್ಟಿಕೊಂಡು, ಕೊಡು, ಆದರ ಒಳಗ ತರಬ್ಯಾಡ, ಪೂಜಿ ಆಗೂ ಮನಿ — ಫ್ರಿಜ್ಜಿಗೂ ಇಲ್ಲ, ಅಡುಗೆಮನೆಗೂ ಇಲ್ಲ, ನೀರಿನ ಟ್ಯಾಂಕಿನ ಪಕ್ಕ ಸ್ಟೀಲ್ ಡಬ್ಬಿ, ಒದ್ದೆ ಮೊಟ್ಟೆ, ಬಿಗಿ ಮುಚ್ಚಳ, ಏಪ್ರಿಲ್ ಬಿಸಿಲು, ಹಳೆಯದು ಮೊದಲು ಮುಗಿಯಲಿ ಎನ್ನುವ ಸಂಸಾರವಂತಿಕೆ ಬೇರೆ, ಅಲ್ಲೇ ಕರೆಂಟ್ ಒಲೆ, ಮೂಗಿಗೆ ಸೆರಗು, ಬೆಂದಿತೋ ಇಲ್ಲವೋ ತಾಳಲಾರದೆ ಇಳಿಸಿಬಿಡುವುದು. ಕೊನೆಗೆ ಮತ್ತೆ ಆಸ್ಪತ್ರೆ, ರಕ್ತಕ್ಕೆ ನಂಜೇರಿದೆ, ಏನು ತಿನ್ನಿಸಿದ್ರಿ, ಮೊಟ್ಟೆ ಸಾರ್, ಹೇಗೆ ಇಟ್ಟಿದ್ರಿ, ತೊಳೆದು ಸಾರ್, ಚೆನ್ನಾಗಿ ತೊಳೆದು ಇಟ್ಟಿದ್ದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಆಗ ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು, ಅವರಿಗೆ ಇಂದಿಗೂ ಗೊತ್ತಿಲ್ಲ, ಎಲ್ಲಾ ಶಿವನ ಇಚ್ಛಾ, ಅಳಬ್ಯಾಡ ಎಂದು ತಲೆ ಸವರುತ್ತಾರೆ, ಆ ಕೈಯ ಕೆಳಗೆ ಕೂರುವುದೇ ಇವಳಿಗೆ ನರಕವಾಗಿದೆ.

ವಾಸನೆ ಬಂದಿತ್ತಲ್ಲ ಅವತ್ತು, ಸೆರಗು ದಾಟಿ ಬಂದಿತ್ತು, ಆದರೆ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳಿಗೆ ಒಳ್ಳೆಯದರ ವಾಸನೆ ಯಾವುದು, ಕೆಟ್ಟದ್ದರದು ಯಾವುದು, ಎಲ್ಲವೂ ಹೇಸಿಗೆಯೇ, ಮಗಳೂ ಮುಖ ಹಿಂಡಿದಳು, ಇದು ಹಿಂಗ ಇರ್ತದೇನವ್ವಾ, ಹ್ಞೂಂ, ಹಿಂಗ ಇರ್ತದ, ನುಂಗು — ಕಣ್ಣು ಮುಚ್ಚಿ ಬಾಯಿ ತೆರೆದಳು — ಬೋಗುಣಿ ತುಂಬಿ ನೀರು ಕಾಲ ಮೇಲೆ ಹರಿಯುತ್ತಿದೆ, ನಲ್ಲಿ ನಿಲ್ಲಿಸಬೇಕು, ಕೆಳಗೆ ಹೋಗಿ ಅವರಿಗೆ ಹೇಳಬೇಕು, ಶಿವನದಲ್ಲ ರೀ, ನಂದು, ಇವತ್ತಾದರೂ ಹೇಳಿಬಿಡಬೇಕು — ಕಣ್ಣು ಮುಚ್ಚಿದಾಳ, ಬಾಯಿ ತೆರೆದಾಳ — ಹೇಳಿದರೆ ಆ ಮುದುಕ ಉಳಿಯುತ್ತಾರೆಯೇ, ಹೇಳದಿದ್ದರೆ ತಾನು — ಇನ್ನೊಂದೇ ಚಮಚ, ಹಿಂಗ ಇರ್ತದ, ನುಂಗು, ಕಡ್ಡಿಯಂಥ ಗಂಟಲು ಮೇಲೆ ಹೋಗಿ ಕೆಳಗೆ ಬಂತು, ನುಂಗಿದಳು, ಅವ್ವ ಹೇಳಿದಳೆಂದು ನುಂಗಿದಳು.